ಎರಡು ಗಂಟೆ ಐವತ್ತು ನಿಮಿಷದ ಎದೆಬಡಿತ

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕುರ್ಚಿ ಸವೆಸಿದವನಿಗೆ ಒಂದು ನಂಬಿಕೆ ತಾನಾಗಿಯೇ ಬಂದುಬಿಡುತ್ತದೆ. ಏನು ನಡೆಯಿತು ಎನ್ನುವುದು ಅಷ್ಟೇನೂ ಮುಖ್ಯವಲ್ಲ, ಕಾಗದದ ಮೇಲೆ ಏನಿದೆ ಎನ್ನುವುದೇ ಮುಖ್ಯ. ನಾನು ದೆಹಲಿಯ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಟೂರ್ ಹೋಗುವ ಮೊದಲೇ ಟೂರ್ ರಿಪೋರ್ಟ್ ಬರೆದಿಡುವುದು ನನ್ನ ಅಭ್ಯಾಸ. ಒಮ್ಮೆ ಭೋಪಾಲಿಗೆ ಹೊರಟವನು ರೈಲು ರದ್ದಾದದ್ದರಿಂದ ಸ್ಟೇಷನ್ನಿನಿಂದಲೇ ಮನೆಗೆ ಮರಳಿದೆ. ಅಷ್ಟರಲ್ಲಿ ನನ್ನ ರಿಪೋರ್ಟ್ ಮೇಲಧಿಕಾರಿಗಳ ಮೆಚ್ಚುಗೆ ಪಡೆದು ಫೈಲು ಸೇರಿತ್ತು. ಅದನ್ನು ವಾಪಸು ತೆಗೆಯುವುದಕ್ಕಿಂತ ಭೋಪಾಲಿಗೆ ಹೋಗಿಬರುವುದೇ ಸುಲಭವೆಂದು ಮುಂದಿನ ವಾರ ಹೋಗಿಬಂದೆ. ರಿಪೋರ್ಟಿನಲ್ಲಿ ಬರೆದಂತೆಯೇ ಎಲ್ಲವನ್ನೂ ಮಾಡಿದೆ ಎಂದು ಹೆಮ್ಮೆಯಿಂದ ಹೇಳಬಲ್ಲೆ.

ಇಂಥವನ ಎದೆಯೊಳಗೂ ಒಂದು ಹೃದಯವಿದೆ, ಅದು ಫೈಲಿನ ಮೇಲೆ ಸಾಹೇಬರು ಬರೆಯುವ ಯಾವ ನೋಟಿಂಗಿಗೂ ಕಾಯುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಜನಕಪುರಿಯ ನಮ್ಮ ಮನೆಯಿಂದ ತಿಲಕನಗರದ ಮಾರುಕಟ್ಟೆಗೆ ಸ್ಕೂಟರಿನಲ್ಲಿ ಹೊರಟಿದ್ದಾಗ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಶಾರದಾ, ಅವಳ ತೊಡೆಯ ಮೇಲೆ ಎರಡು ಖಾಲಿ ಚೀಲ. ಇದ್ದಕ್ಕಿದ್ದಂತೆ ಎದೆಯೊಳಗೆ ಯಾರೋ ಸ್ವಿಚ್ ಒತ್ತಿದ ಹಾಗಾಯಿತು. ಹೃದಯ ಓಡತೊಡಗಿತು. ಕತ್ತಿನಲ್ಲಿ, ಕಿವಿಯಲ್ಲಿ, ಹಲ್ಲಿನ ಬೇರಿನಲ್ಲಿ ಕೂಡ ಅದರದೇ ಸದ್ದು. ಸ್ಕೂಟರನ್ನು ಪಕ್ಕಕ್ಕೆ ಹಾಕಿ ಫುಟ್‌ಪಾತಿನ ಮೇಲೆ ಕೂತೆ. ಇಪ್ಪತ್ತು ನಿಮಿಷ ಕಳೆದ ಮೇಲೆ, ಯಾರೋ ಸ್ವಿಚ್ ಆರಿಸಿದಂತೆ, ಅದು ನಿಂತಿತು. ಅಂದರೆ ಹೃದಯ ನಿಲ್ಲಲಿಲ್ಲ, ಓಟ ನಿಂತಿತು. ಮೊದಲ ಕೆಲವು ಕ್ಷಣ ನನಗೂ ಯಾವುದು ನಿಂತಿದ್ದು ಎಂಬುದು ಖಾತ್ರಿಯಿರಲಿಲ್ಲ.

ಇದು ತಿಂಗಳಿಗೆ ಎರಡು ಮೂರು ಸಲ ಬರತೊಡಗಿತು. ಬಂದಾಗ ಡಾಕ್ಟರರಿಲ್ಲ, ಡಾಕ್ಟರರಿದ್ದಾಗ ಇದಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿ ಇಸಿಜಿ ಯಂತ್ರದ ಕೆಳಗೆ ಮಲಗುವ ಹೊತ್ತಿಗೆ ನನ್ನ ಹೃದಯ ತಪಾಸಣೆಗೆ ಸಾಹೇಬರು ಬಂದರೆಂದು ತಿಳಿದ ಗುಮಾಸ್ತನಂತೆ ತಲೆ ತಗ್ಗಿಸಿ ಕೆಲಸ ಮಾಡುತ್ತಿರುತ್ತಿತ್ತು. ಒಬ್ಬ ಡಾಕ್ಟರರು ಗ್ಯಾಸ್ ಎಂದರು. ಇನ್ನೊಬ್ಬರು ಟೀ ಕಡಿಮೆ ಮಾಡಿ ಎಂದರು. ಶಾರದಾ ಬೇರೆಯದೇ ಒಂದು ಸಂಶೋಧನೆ ಮಾಡಿದ್ದಳು.

"ಅಲ್ಲಾ ರೀ, ತರಕಾರಿ ತರೋಕೆ ಹೊರಟಾಗಲೇ ಯಾಕೆ ಬರತ್ತೆ ಇದು? ಆ ಖುರಾನಾ ಮನೆಗೆ ಹೊರಟಾಗ ಒಂದ್ಸಲಾನೂ ಬಂದಿಲ್ಲ."

ಖುರಾನಾ ನನ್ನ ಸಹೋದ್ಯೋಗಿ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಶಾರದಾ ಬಾಯಲ್ಲಿ ಹೀಗಂದರೂ ಮಾರನೆಯ ವಾರದಿಂದ ಚೀಲ ಹಿಡಿದು ಸೈಕಲ್ ರಿಕ್ಷಾದಲ್ಲಿ ತಾನೇ ಮಾರುಕಟ್ಟೆಗೆ ಹೋಗತೊಡಗಿದಳು. ಹೂಕೋಸು, ಮೂಲಂಗಿ ತುಂಬಿದ ಎರಡು ಚೀಲಗಳನ್ನು ಹೊತ್ತು ಅವಳು ಮೆಟ್ಟಿಲು ಹತ್ತಿ ಬರುವಾಗ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ಭಯವಾಗುತ್ತಿತ್ತು. ನನ್ನ ತಂದೆ ಹೋದದ್ದು ಐವತ್ತೊಂದನೆಯ ವಯಸ್ಸಿನಲ್ಲೇ, ಬೆಳಗಿನ ಪೇಪರು ಓದುತ್ತ ಕೂತಲ್ಲಿಯೇ. ಯಾಕೆಂದು ಯಾವ ಡಾಕ್ಟರರೂ ಹೇಳಲಿಲ್ಲ. ಈ ಮಾತನ್ನು ನಾನು ಶಾರದಾಗೆ ನೆನಪಿಸುತ್ತಿರಲಿಲ್ಲ, ಅವಳೂ ನನಗೆ ನೆನಪಿಸುತ್ತಿರಲಿಲ್ಲ. ಆದರೆ ನಾನು ಪೇಪರು ಹಿಡಿದು ಕೂತರೆ ಅಡುಗೆಮನೆಯಿಂದ ಐದು ನಿಮಿಷಕ್ಕೊಮ್ಮೆ ಇಣುಕುತ್ತಿದ್ದಳು.

ಕೊನೆಗೆ ಹೃದಯದ ಲಯವನ್ನೇ ಓದಿಕೊಂಡ ತಜ್ಞೆಯೊಬ್ಬರ ಹತ್ತಿರ ಹೋದೆವು. ಡಾಕ್ಟರ್ ಭಾರ್ಗವ, ನಲವತ್ತರ ಆಸುಪಾಸಿನ ಹೆಂಗಸು, ಕಡಿಮೆ ಮಾತು. ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಅದೇ ನನಗೆ ಅರ್ಧ ಚಿಕಿತ್ಸೆಯಾಯಿತು. ನಂತರ ಹೇಳಿದರು: "ದೇಖಿಯೇ, ನಿಮ್ಮ ರಕ್ತನಾಳಗಳು ಸರಿಯಾಗಿವೆ. ತೊಂದರೆ ಇರುವುದು ವೈರಿಂಗಿನಲ್ಲಿ. ಅದರಲ್ಲೂ ನಾನಾ ನಮೂನೆ. ಒಂದು ಬಗೆಯದಾದರೆ ಬೇರುಸಹಿತ ತೆಗೆದುಹಾಕಬಹುದು. ಇನ್ನೊಂದು ಬಗೆಯದಾದರೆ ಅಪಾಯ, ಎದೆಯಲ್ಲಿ ಒಂದು ಯಂತ್ರ ಇಡಬೇಕಾಗುತ್ತದೆ. ಯಾವುದೆಂದು ಗೊತ್ತಾಗಬೇಕಾದರೆ ಅದು ಬಂದಾಗ ಹಿಡಿಯಬೇಕು. ಅಲ್ಲಿಯವರೆಗೆ ಸ್ಕೂಟರ್ ಮುಟ್ಟಬೇಡಿ. ನಡುರಸ್ತೆಯಲ್ಲಿ ಕಣ್ಣು ಕತ್ತಲಿಟ್ಟರೆ ನೀವಷ್ಟೇ ಅಲ್ಲ, ಹಿಂದೆ ಕೂತವರೂ ಹೋಗುತ್ತಾರೆ."

ಹಿಂದೆ ಕೂರುವವಳು ಪಕ್ಕದಲ್ಲೇ ಕೂತಿದ್ದಳು. ಮನೆಗೆ ಬಂದವಳೇ ಸ್ಕೂಟರಿನ ಕೀಲಿಯನ್ನು ತೆಗೆದುಕೊಂಡು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು.

ಹಿಡಿಯುವ ಉಪಾಯವೆಂದರೆ ಹೋಲ್ಟರ್ ಎಂಬ ಪೆಟ್ಟಿಗೆ. ಸೊಂಟಕ್ಕೆ ಕಟ್ಟಿಕೊಳ್ಳುವ ಟೇಪ್‌ರೆಕಾರ್ಡರಿನಷ್ಟು ದೊಡ್ಡದು. ಅದರಿಂದ ಹೊರಟ ವೈರುಗಳನ್ನು ಎದೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡುತ್ತಾರೆ. ಪ್ರತಿ ಬಡಿತವೂ ಅದರಲ್ಲಿ ದಾಖಲಾಗುತ್ತದೆ. ಸಂಜೆ ಅಂಟಿಸುವ ಮೊದಲು ಟೆಕ್ನಿಷಿಯನ್ ನನ್ನ ಎದೆಯ ಮೇಲೆ ಏಳು ಕಡೆ ಚೌಕ ಚೌಕವಾಗಿ ಬೋಳಿಸಿದ. ಕನ್ನಡಿಯಲ್ಲಿ ನೋಡಿಕೊಂಡರೆ ದೆಹಲಿ ಅಭಿವೃದ್ಧಿ ಪ್ರಾಧಿಕಾರದವರು ಸೈಟು ಹಂಚಲು ಗುರುತು ಹಾಕಿ ಹೋದಂತಿತ್ತು. ಡಾಕ್ಟರಮ್ಮ ಒಂದು ಹಾಳೆಯನ್ನೂ ಕೊಟ್ಟರು. ಮೂರು ಕಾಲಮ್ಮು: ಸಮಯ, ಏನು ಮಾಡುತ್ತಿದ್ದಿರಿ, ಹೇಗನ್ನಿಸಿತು.

"ದಿನಾ ಹೇಗಿರುತ್ತೀರೋ ಹಾಗೇ ಇರಿ," ಎಂದರು. "ಎಲ್ಲವನ್ನೂ ಸಮಯ ಹಾಕಿ ಬರೆಯಿರಿ, ಕೆಳಗೆ ಸಹಿ ಮಾಡಿ. ಈ ಹಾಳೆ ಇಲ್ಲದಿದ್ದರೆ ಯಂತ್ರ ಅರ್ಧ ಕುರುಡು."

ನನಗೆ ಆದ ಸಂತೋಷ ಹೇಳತೀರದು. ಇಷ್ಟು ದಿನ ವೈದ್ಯಶಾಸ್ತ್ರದಲ್ಲಿ ನನಗೆ ಗೊತ್ತಿರುವುದು ಏನೂ ಇರಲಿಲ್ಲ. ಈಗ ಕಾಲಮ್ಮುಗಳಿರುವ ಒಂದು ಹಾಳೆ ಕೈಗೆ ಬಂದಿತ್ತು. ಸ್ಕೇಲು ಇಟ್ಟು ಗೆರೆಗಳನ್ನು ಇನ್ನಷ್ಟು ದಪ್ಪ ಮಾಡಿಕೊಂಡೆ, ಕ್ರಮಸಂಖ್ಯೆಗೊಂದು ಕಾಲಮ್ಮು ಸೇರಿಸಿದೆ, 'ಷರಾ' ಎಂದು ಇನ್ನೊಂದನ್ನೂ ಸೇರಿಸಿದೆ. ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದ ಮಗಳು ಮೇಘನಾ ಇಣುಕಿ ನೋಡಿ, "ಅಪ್ಪಾ, ಇದು ಪೇಶೆಂಟ್ ಡೈರಿ ಹೈ ಕಿ ಗೆಜೆಟ್?" ಎಂದಳು. ದೆಹಲಿಯಲ್ಲಿ ಬೆಳೆದ ಮಕ್ಕಳಿಗೆ ದಾಖಲೆಗಳ ಬಗ್ಗೆ ಗೌರವ ಕಡಿಮೆ.

ಅದು ಡಿಸೆಂಬರ್ ತಿಂಗಳು. ದೆಹಲಿಯ ಚಳಿಗಾಲವನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಡಿಸೆಂಬರ್, ಜನವರಿ, ಈ ಎರಡು ತಿಂಗಳು ಕೇಂದ್ರ ಸರ್ಕಾರ ನಡೆಯುವುದು ಕಟ್ಟಡಗಳ ಒಳಗಲ್ಲ, ಅವುಗಳ ಮುಂದಿನ ಹುಲ್ಲುಹಾಸಿನ ಮೇಲೆ. ಒಳಗೆ ಮೂಳೆ ಕೊರೆಯುವ ಚಳಿ, ಹೊರಗೆ ಹಿತವಾದ ಬಿಸಿಲು. ಊಟದ ವಿರಾಮ ಒಂದೂವರೆಯಿಂದ ಎರಡರವರೆಗೆ. ಆದರೆ ಆ ಎರಡು ಗಂಟೆ ಎನ್ನುವುದು ಬಿಸಿಲು ಕಟ್ಟಡದ ಹಿಂದೆ ಸರಿದಾಗ ಬರುತ್ತದೆ. ಒಂದು ಕಡೆ ಹೆಂಗಸರು ಸ್ವೆಟರ್ ಹೆಣೆಯುತ್ತಾರೆ, ಇನ್ನೊಂದು ಕಡೆ ಕಡಲೆಕಾಯಿ ಸಿಪ್ಪೆಯ ಗುಡ್ಡೆ ಬೆಳೆಯುತ್ತದೆ, ಮತ್ತೊಂದು ಕಡೆ ಟವೆಲ್ ಹಾಸಿ ಇಸ್ಪೀಟು. ನಮ್ಮ ಟವೆಲಿನ ಯಜಮಾನ ಖುರಾನಾ. ಆಟದ ಹೆಸರು ಸೀಪ್, ನಾಲ್ಕು ಜನ, ಇಬ್ಬಿಬ್ಬರು ಜೊತೆ. ನಾನು ಖುರಾನಾನ ಜೊತೆಗಾರ. ಈ ಆಟದ ಗುಂಗಿನಲ್ಲಿ ಸಂಜೆಯ ಚಾರ್ಟರ್ಡ್ ಬಸ್ಸು ಎರಡು ಸಲ ತಪ್ಪಿಹೋದ ಮೇಲೆ ಶಾರದಾ ನನ್ನಿಂದ ಇಸ್ಪೀಟು ಮುಟ್ಟುವುದಿಲ್ಲವೆಂದು ದೇವರ ಮುಂದೆ ಮಾತು ತೆಗೆದುಕೊಂಡಿದ್ದಳು. ನಾನು ಕೊಟ್ಟಿದ್ದೆ. ಅದು ಬೇಸಿಗೆಯಲ್ಲಿ ಕೊಟ್ಟ ಮಾತು.

ದಿನಾ ಹೇಗಿರುತ್ತೀರೋ ಹಾಗೇ ಇರಿ ಎಂದು ಡಾಕ್ಟರರೇ ಹೇಳಿದ್ದರಲ್ಲ, ಆದ್ದರಿಂದ ಪೆಟ್ಟಿಗೆಯ ಸಮೇತ ಟವೆಲಿನ ಮುಂದೆ ಕೂತೆ. ಆಟ ಏರುತ್ತ ಹೋಯಿತು. ಎರಡು ಗಂಟೆ ಐವತ್ತು ನಿಮಿಷಕ್ಕೆ ಖುರಾನಾ, ಹೊಲದಲ್ಲಿ ಬೀಜ ಚೆಲ್ಲುವವನ ನಿರಾಳದಿಂದ, ಒಂದೇ ಎಲೆಗೆ ಹತ್ತು ಪಾಯಿಂಟು ಸಿಗುವ ಇಸ್ಪೀಟಿನ ಹತ್ತನ್ನು ಎದುರಾಳಿಯ ಬಾಯಿಗೆ ಹಾಕಿದ. ನಾನು ಮುಂದಕ್ಕೆ ಬಾಗಿ, "ಯೇ ಕ್ಯಾ ಕಿಯಾ, ಖುರಾನಾ?" ಎಂದೆ. ಅಷ್ಟೇ. ಎದೆಯೊಳಗೆ ಸ್ವಿಚ್ ಬಿತ್ತು.

ನಾನು ಹಾಗೇ ಹುಲ್ಲಿನ ಮೇಲೆ ಒರಗಿದೆ. ಖುರಾನಾ ಎಲೆಗಳನ್ನು ಕೆಳಗಿಟ್ಟು ನನ್ನ ಮುಖಕ್ಕೆ ನೀರು ಚಿಮುಕಿಸಿದ. "ತೂ ಠೀಕ್ ಹೋ ಜಾ ಯಾರ್, ಇನ್ನು ಮೇಲೆ ಹತ್ತು ಕೊಡಲ್ಲ," ಎಂದು ಅವನು ಹೇಳುತ್ತಿದ್ದುದು ಕೇಳುತ್ತಿತ್ತು. ಹೆದರಿಕೆಯಾಗಿತ್ತು, ನಿಜ. ಆದರೆ ಹೆದರಿಕೆಯ ಪಕ್ಕದಲ್ಲೇ ಒಂದು ಸಂಭ್ರಮವೂ ಇತ್ತು. ಸೊಂಟದಲ್ಲಿ ಪೆಟ್ಟಿಗೆ ಇದೆ. ಕಳ್ಳ ಕೊನೆಗೂ ಸಿಕ್ಕಿಬಿದ್ದ. ಹದಿನೈದು ನಿಮಿಷಕ್ಕೆ ಓಟ ನಿಂತಿತು. ಎದ್ದು ಬಟ್ಟೆ ಕೊಡವಿಕೊಂಡು ನನ್ನ ಸೀಟಿಗೆ ಹೋಗಿ ಹಾಳೆ ತೆಗೆದೆ. ಸಮಯ ಎರಡು ಐವತ್ತು ಎಂದು ಬರೆಯಲು ಪೆನ್ನು ಊರಿದೆ. ಕೈ ಅಲ್ಲೇ ನಿಂತಿತು.

ಯೋಚಿಸಿ ನೋಡಿ. ಕೆಳಗೆ ನನ್ನ ಸಹಿ ಇರುವ ಕಾಗದ. ಇದು ಆಸ್ಪತ್ರೆಯ ಫೈಲಿಗೆ ಹೋಗುತ್ತದೆ. ಅಲ್ಲಿಂದ ಅದರ ನಕಲು ಸರ್ಕಾರಿ ನೌಕರರ ಡಿಸ್ಪೆನ್ಸರಿಗೆ. ಮುಂದಿನ ಚಿಕಿತ್ಸೆಗೆ ಅನುಮತಿ ಬೇಕೆಂದು ಅಲ್ಲಿಂದ ನನ್ನದೇ ಇಲಾಖೆಗೆ. ಅಲ್ಲಿ ಅದನ್ನು ಓದುವವರು ನಮ್ಮ ಅಧೀನ ಕಾರ್ಯದರ್ಶಿಗಳು. ಅವರು ಕಾಗದದ ಹಿಂಬದಿಯನ್ನೂ ಓದುವವರು. 'ಮಧ್ಯಾಹ್ನ ಎರಡು ಐವತ್ತು, ಹುಲ್ಲುಹಾಸು, ಇಸ್ಪೀಟು' ಎಂದು ನಾನೇ ಸಹಿ ಹಾಕಿ ಕೊಡುವುದೆಂದರೆ ನನ್ನ ಮೇಲಿನ ಆಪಾದನಾಪತ್ರವನ್ನು ನಾನೇ ಕರಡು ಮಾಡಿದ ಹಾಗೆ. ಅಷ್ಟು ದೂರ ಯಾಕೆ, ಅದೇ ಸಂಜೆ ಮನೆಯಲ್ಲಿ ಶಾರದಾ ಅದನ್ನು ಓದುವವಳಿದ್ದಳು.

ಆದ್ದರಿಂದ ಒಂದು ಸಣ್ಣ ಹೊಂದಾಣಿಕೆ ಮಾಡಿದೆ. ಎದೆಬಡಿತವನ್ನು ಒಂದು ಗಂಟೆ ಹತ್ತು ನಿಮಿಷ ಹಿಂದಕ್ಕೆ ಸರಿಸಿ ಊಟದ ವಿರಾಮದೊಳಗೆ ತಂದೆ. '1.40: ಊಟದ ನಂತರ ವಿಶ್ರಾಂತಿ. ತೀವ್ರ ಎದೆಬಡಿತ, ಹದಿನೈದು ನಿಮಿಷ.' ಅದರ ಕೆಳಗೆ, '2.00ರಿಂದ 5.00: ಕಡತ ಪರಿಶೀಲನೆ. ತೊಂದರೆ ಇಲ್ಲ.' ಕಾಯಿಲೆ ಬಂದದ್ದನ್ನು ಮುಚ್ಚಿಡಲಿಲ್ಲ, ಎಷ್ಟು ಹೊತ್ತೆಂಬುದನ್ನೂ ಮುಚ್ಚಿಡಲಿಲ್ಲ, ಅದನ್ನು ನಿಯಮದ ಚೌಕಟ್ಟಿಗೆ ಕೂರಿಸಿದೆ ಅಷ್ಟೇ. ಸರ್ಕಾರದಲ್ಲಿ ವರ್ಷಗಳನ್ನೇ ಹೊಂದಿಸಿದ್ದೇವೆ, ಒಂದು ಗಂಟೆ ಯಾವ ಲೆಕ್ಕ? ಇದೇ ಭರದಲ್ಲಿ ಬೆಳಿಗ್ಗೆ ಆರರಿಂದ ಆರೂವರೆಯವರೆಗೆ ಚುರುಕಿನ ನಡಿಗೆಯನ್ನೂ ಸೇರಿಸಿದೆ. ಆರೋಗ್ಯದ ದಾಖಲೆಯಲ್ಲಿ ನಡಿಗೆ ಇಲ್ಲದಿದ್ದರೆ ಶೋಭೆಯಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಮೂರು ದಿನದ ನಂತರ ಡಾಕ್ಟರ್ ಭಾರ್ಗವರ ಮುಂದೆ ಕೂತೆವು. ಅವರ ಒಂದು ಕೈಯಲ್ಲಿ ಯಂತ್ರದ ವರದಿ, ಇನ್ನೊಂದರಲ್ಲಿ ನನ್ನ ಹಾಳೆ. ಹಾಳೆಯನ್ನು ಹೊಗಳಿದರು. ಇಷ್ಟು ಅಚ್ಚುಕಟ್ಟಾಗಿ ಯಾವ ಪೇಶೆಂಟೂ ಬರೆದಿಲ್ಲವಂತೆ. ನಾನು ಶಾರದಾಳ ಕಡೆ ನೋಡಿದೆ, ಅವಳೂ ಹೆಮ್ಮೆಯಿಂದಲೇ ಕೂತಿದ್ದಳು.

"ಬೆಳಿಗ್ಗೆ ಆರರಿಂದ ಚುರುಕಿನ ನಡಿಗೆ," ಎಂದು ಓದಿದ ಡಾಕ್ಟರರು ಹುಬ್ಬೇರಿಸಿದರು. "ಯಂತ್ರದಲ್ಲಿ ಐವತ್ತೆಂಟು ಬಡಿತ ಇದೆಯಲ್ಲ?"

"ನಾನು ಸಮಾಧಾನವಾಗಿ ನಡೆಯುತ್ತೇನೆ," ಎಂದೆ.

ಶಾರದಾಳ ಹಿಂದಿ ತರಕಾರಿ ಭಯ್ಯಾಗಳ ಜೊತೆ ಇಪ್ಪತ್ತು ವರ್ಷ ಚೌಕಾಸಿ ಮಾಡಿ ಹದಗೊಂಡದ್ದು. "ಸೋ ರಹೇ ಥೇ," ಎಂದಳು. ಮಲಗಿದ್ದರು, ಅಷ್ಟೇ.

ಡಾಕ್ಟರರು ಮುಂದಿನ ಸಾಲಿಗೆ ಹೋದರು. "ಒಂದು ನಲವತ್ತಕ್ಕೆ ತೀವ್ರ ಎದೆಬಡಿತ ಎಂದಿದ್ದೀರಿ. ಯಂತ್ರ ಎಪ್ಪತ್ತನಾಲ್ಕು ತೋರಿಸುತ್ತಿದೆ, ಪೂರಾ ನಾರ್ಮಲ್." ಅವರ ದನಿ ಮೆತ್ತಗಾಯಿತು. ಕಾಯಿಲೆ ದೇಹದಲ್ಲಿಲ್ಲ, ಮನಸ್ಸಿನಲ್ಲಿದೆ ಎಂದು ಗೊತ್ತಾದಾಗ ಡಾಕ್ಟರರು ಬಳಸುವ ದನಿ ಅದು. "ಘರ್ ಮೇಂ ಕೋಯೀ ಟೆನ್ಷನ್ ಹೈ ಕ್ಯಾ?" ಎಂದು ಕೇಳಿದರು. ಮನೆಯ ಟೆನ್ಷನ್ ಎಂದರೆ ತಾನೇ ಎಂದು ಶಾರದಾಗೆ ತಕ್ಷಣ ಅರ್ಥವಾಯಿತು. ಅವಳು ನನ್ನನ್ನು ನೋಡಿದ ನೋಟದಲ್ಲಿ ಆರು ತಿಂಗಳ ತರಕಾರಿ ಚೀಲಗಳ ಭಾರವಿತ್ತು.

ಆದರೆ ಡಾಕ್ಟರರು ಇನ್ನೂ ಮುಗಿಸಿರಲಿಲ್ಲ. ಹಾಳೆ ಬಿಟ್ಟು ವರದಿಯನ್ನು ಹತ್ತಿರ ಎಳೆದುಕೊಂಡರು. "ನನಗೆ ಯೋಚನೆ ಇರುವುದು ಇದರದು. ಎರಡು ಐವತ್ತರಿಂದ ಮೂರು ಐದರವರೆಗೆ ನಿಮ್ಮ ಹೃದಯ ನೂರ ಎಂಬತ್ತಾರಕ್ಕೆ ಓಡಿದೆ. ನೀವು ಕಡತ ನೋಡುತ್ತಿದ್ದೆ, ತೊಂದರೆ ಇಲ್ಲ ಎಂದು ಬರೆದಿದ್ದೀರಿ. ಇಷ್ಟು ವೇಗ ಬಂದರೂ ಗೊತ್ತೇ ಆಗುವುದಿಲ್ಲ ಎಂದರೆ ಸುಮ್ಮನೆ ಬಿಡುವಂತಿಲ್ಲ. ನೀವು ಹೇಳುವ ಎದೆಬಡಿತವೇ ಬೇರೆ, ಇದೇ ಬೇರೆ. ನಾಳೆಯೇ ಅಡ್ಮಿಟ್ ಆಗಿ. ಸ್ಕೂಟರನ್ನು ಮಾರಿಬಿಡಿ. ಎದೆಯಲ್ಲಿ ಯಂತ್ರ ಇಡುವ ವಿಷಯವನ್ನೂ ಮಾತಾಡೋಣ."

ಒಂದೇ ಹಾಳೆಯಿಂದ ನನಗೆ ಎರಡು ಕಾಯಿಲೆಗಳು ಮಂಜೂರಾಗಿದ್ದವು. ಇಲ್ಲದ್ದು ಅನಿಸುವುದು ಒಂದು, ಇದ್ದದ್ದು ಅನಿಸದಿರುವುದು ಇನ್ನೊಂದು. ಸುಮ್ಮನಿದ್ದರೆ ಎರಡಕ್ಕೂ ಚಿಕಿತ್ಸೆಯಾಗುತ್ತಿತ್ತು, ನಿಜವಾದದ್ದೊಂದನ್ನು ಬಿಟ್ಟು. ಪಕ್ಕಕ್ಕೆ ತಿರುಗಿದೆ. ಶಾರದಾ ವ್ಯಾನಿಟಿ ಬ್ಯಾಗಿನ ಜಿಪ್ಪನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. 

"ಡಾಕ್ಟರ್ ಸಾಹಿಬಾ," ಎಂದೆ, "ಸಮಯದ ಕಾಲಮ್ಮಿನಲ್ಲಿ ಒಂದು ಕೈತಪ್ಪು ಆಗಿದೆ. 1.40 ಎಂಬುದನ್ನು 2.50 ಎಂದು ಓದಿಕೊಳ್ಳತಕ್ಕದ್ದು."

ಅವರು ಕನ್ನಡಕ ತೆಗೆದರು. "ಅಂದರೆ ಎರಡು ಐವತ್ತಕ್ಕೇ ನಿಮಗೆ ಎದೆಬಡಿತ ಬಂತೆ? ಹಾಗಾದರೆ ಕಡತ ಪರಿಶೀಲನೆ?"

"ಅದನ್ನು ರದ್ದುಪಡಿಸಿದೆ ಎಂದು ತಿಳಿಯತಕ್ಕದ್ದು."

"ಎಲ್ಲಿದ್ದಿರಿ?"

"ಹುಲ್ಲುಹಾಸಿನ ಮೇಲೆ."

"ಏನು ಮಾಡುತ್ತಿದ್ದಿರಿ?"

ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೃದಯವನ್ನು ನೋಡುತ್ತ, "ಸೀಪ್," ಎಂದೆ. ಶಾರದಾಗೆ ಆ ಹೆಸರು ಗೊತ್ತಿತ್ತು. ಜಿಪ್ಪಿನ ಸದ್ದು ನಿಂತಿತು.

ಡಾಕ್ಟರ್ ಭಾರ್ಗವ ಮತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ ಬಾಗಿದ್ದಿರೋ, ಕೂಗಿದಿರೋ, ಓಟ ಒಮ್ಮೆಗೇ ಶುರುವಾಯಿತೋ, ಒಮ್ಮೆಗೇ ನಿಂತಿತೋ ಎಂದೆಲ್ಲ ಕೇಳಿ ಬರೆದುಕೊಂಡರು. ಖುರಾನಾ ಕೊಟ್ಟ ಹತ್ತಿನ ವಿಷಯವನ್ನೂ ಹೇಳಿದೆ. ಅವರು ಪೆನ್ನು ನಿಲ್ಲಿಸಿ, "ಇಸ್ಪೀಟಿನ ಹತ್ತನ್ನೇ ಕೊಟ್ಟರಾ?" ಎಂದು ಕೇಳಿದರು. ಅವರಿಗೂ ಆಟ ಗೊತ್ತಿತ್ತೆಂದು ಕಾಣುತ್ತದೆ. ನಂತರ ವರದಿಯ ಇನ್ನೊಂದು ಕಡೆ ಬೆರಳಿಟ್ಟು, "ನಾಲ್ಕು ಹತ್ತಕ್ಕೆ ಐವತ್ತೆರಡು. ಇದೂ ಹುಲ್ಲುಹಾಸೇ?" ಎಂದರು.

"ಅಲ್ಲ, ಅದು ಸೀಟಿನಲ್ಲೇ."

"ಕಣ್ಣು ಮುಚ್ಚಿಕೊಂಡು ಕಡತ ಪರಿಶೀಲನೆ," ಎಂದು ಅವರೇ ಬರೆದುಕೊಂಡರು.

ಎಲ್ಲ ತಾಳೆಯಾದ ಮೇಲೆ ಅವರ ಮುಖ ತಿಳಿಯಾಯಿತು. ಇದು ಮೊದಲನೆಯ ಬಗೆ, ತೆಗೆದುಹಾಕಬಹುದಾದದ್ದು. ಹೃದಯದ ಒಳಗೆ ಹುಟ್ಟಿನಿಂದಲೇ ಒಂದು ಹೆಚ್ಚುವರಿ ತಂತಿ ಇದೆಯಂತೆ, ವಿದ್ಯುತ್ತು ಆಗಾಗ ಆ ಅಡ್ಡದಾರಿ ಹಿಡಿದು ಸುತ್ತುತ್ತದಂತೆ. ನನಗೆ ತಿಳಿಯಲೆಂದು ಅವರು ದೆಹಲಿಯ ಮಾತಿನಲ್ಲೇ, "ಕಟಿಯಾ ಸಮಝಿಯೇ," ಎಂದರು. ಮೀಟರ್ ತಪ್ಪಿಸಿ ಬೀದಿ ಕಂಬದಿಂದ ಮನೆಗೆ ಕೊಕ್ಕೆ ಹಾಕಿ ಕರೆಂಟು ಎಳೆದುಕೊಳ್ಳುತ್ತಾರಲ್ಲ, ಅದೇ ಕಟಿಯಾ. ಇಪ್ಪತ್ತಾರು ವರ್ಷದ ಸರ್ಕಾರಿ ನೌಕರನ ಎದೆಯಲ್ಲೇ ಅಕ್ರಮ ಸಂಪರ್ಕ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಶಾರದಾ ಅತ್ತಳು. ನಾನು ಕರವಸ್ತ್ರ ಕೊಟ್ಟೆ. ಮೂಗು ಒರೆಸಿಕೊಂಡು ಹೇಳಿದಳು: "ಇಸ್ಪೀಟು ಆಡಿ ಸಾಯ್ತೀರೋ, ಸುಳ್ಳು ಬರೆದು ಸಾಯ್ತೀರೋ, ಮೊದಲು ಒಂದು ತೀರ್ಮಾನ ಮಾಡಿ. ಎರಡನ್ನೂ ನಾನು ನೋಡ್ಕೊಳ್ಳೋಕಾಗಲ್ಲ." ಎರಡನ್ನೂ ಬಿಡುತ್ತೇನೆಂದೆ. ಈ ಸಲ ಅವಳು ದೇವರ ಮುಂದೆ ಮಾತು ಕೇಳಲಿಲ್ಲ, ದೇವರ ಮೇಲೂ ಅವಳಿಗೆ ಭರವಸೆ ಹೋಗಿತ್ತು.

ಚಿಕಿತ್ಸೆ ನಡೆದದ್ದು ಜನವರಿಯಲ್ಲಿ. ತೊಡೆಯ ಬುಡದಿಂದ ತೆಳುವಾದ ತಂತಿಗಳನ್ನು ಹೃದಯದವರೆಗೂ ಕಳಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ವಿಚಿತ್ರವೆಂದರೆ, ವಾಸಿಮಾಡುವ ಮೊದಲು ಡಾಕ್ಟರರು ಆ ಕಾಯಿಲೆಯನ್ನು ಬೇಕೆಂದೇ ಎಬ್ಬಿಸುತ್ತಾರೆ. "ಈಗ ಶುರು ಮಾಡುತ್ತೇನೆ, ಇದು ಅದೇನಾ ಎಂದು ನೋಡಿ ಹೇಳಿ," ಎಂದರು. ಎದೆಯೊಳಗೆ ಸ್ವಿಚ್ ಬಿತ್ತು. "ಅದೇ, ಅದೇ," ಎಂದೆ. ಆರು ತಿಂಗಳು ಯಾರೂ ನಂಬದೆ ಇದ್ದದ್ದನ್ನು ಅಂದು ಐದು ಜನ ನಿಂತು ಪರದೆಯ ಮೇಲೆ ನೋಡುತ್ತಿದ್ದರು. ಅಂಥ ಹೆದರಿಕೆಯಲ್ಲೂ ನನಗೆ ಗೆದ್ದಂತಾಯಿತು. ತಂತಿಯ ತುದಿಯ ಬಿಸಿಯಿಂದ ಕಟಿಯಾವನ್ನು ಸುಟ್ಟರು. ಎದೆಯಲ್ಲಿ ಒಂದಿಷ್ಟು ಉರಿ, ಅಷ್ಟೇ. ಮತ್ತೆ ಎಬ್ಬಿಸಲು ಎಷ್ಟು ಪ್ರಯತ್ನಿಸಿದರೂ ಅದು ಏಳಲಿಲ್ಲ. ವಾರ ಕಳೆದ ಮೇಲೆ ಸ್ಕೂಟರ್ ಓಡಿಸಬಹುದೆಂದರು. ಶಾರದಾ ಅಕ್ಕಿ ಡಬ್ಬಿಯಿಂದ ಕೀಲಿ ತೆಗೆದುಕೊಟ್ಟಳು.

ಏಪ್ರಿಲ್‌ನಲ್ಲಿ ಖಾತ್ರಿಗಾಗಿ ಮತ್ತೊಮ್ಮೆ ಹೋಲ್ಟರ್ ಕಟ್ಟಿದರು. ಮತ್ತೆ ಅದೇ ಮೂರು ಕಾಲಮ್ಮಿನ ಹಾಳೆ. ಈ ಸಲ ಷರಾ ಇಲ್ಲ, ಕ್ರಮಸಂಖ್ಯೆ ಇಲ್ಲ. ಮಲಗಿದ್ದರೆ ಮಲಗಿದ್ದೆ ಎಂದು ಬರೆದೆ. ನಾಲ್ಕು ಗಂಟೆಗೆ ಸೀಟಿನಲ್ಲಿ ತೂಕಡಿಕೆ ಎಂದು ಬರೆದು, ಕಣ್ಣು ಮುಚ್ಚಿಯೇ ಸಹಿ ಹಾಕಿದೆ. ಸರ್ಕಾರ ಬೀಳಲಿಲ್ಲ. ರಾತ್ರಿ ಶಾರದಾ ಹಾಳೆಯನ್ನು ಎತ್ತಿಕೊಂಡು ಒಂದೊಂದೇ ಸಾಲು ಓದುತ್ತ ಬಂದಳು. ಒಂದು ಕಡೆ ನಿಂತಳು.

"'7.20: ಬಾಲ್ಕನಿಯಲ್ಲಿ ಹೆಂಡತಿಯ ಜೊತೆ ಮಾತು. ಎದೆಬಡಿತ ಸಾಮಾನ್ಯ.' ಸಾಮಾನ್ಯವಾ ರೀ?"

"ಸಾಮಾನ್ಯವಾಗೇ ಇತ್ತು ಕಣೇ. ನಿಜ ಬರೀಬೇಕಂತೆ."

"ಖುರಾನಾ ಒಂದು ಎಲೆ ಹಾಕಿದ್ರೆ ನೂರ ಎಂಬತ್ತಾರು. ನಾನು ಅರ್ಧ ಗಂಟೆ ಕೂತು ಮಾತಾಡಿದ್ರೆ ಸಾಮಾನ್ಯ." ಹಾಳೆಯನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಪಾತ್ರೆಗಳ ಸದ್ದು ಮಾತ್ರ ಸಾಮಾನ್ಯಕ್ಕಿಂತ ಹೆಚ್ಚಾಗಿತ್ತು. ನಾನು ಪೆನ್ನು ತೆಗೆದು, 'ಸಾಮಾನ್ಯ' ಎಂಬುದನ್ನು ಹೊಡೆದುಹಾಕಿ 'ಸ್ವಲ್ಪ ಹೆಚ್ಚಾಯಿತು' ಎಂದು ತಿದ್ದಿದೆ.

ಡಾಕ್ಟರ್ ಭಾರ್ಗವ ವರದಿ ನೋಡಿ ಎಲ್ಲ ಸರಿಯಾಗಿದೆ ಎಂದರು. ಕಾಯಿಲೆ ಹೋಗಿದೆ, ನೀವು ಇನ್ನು ಬರಬೇಕಾಗಿಲ್ಲ. ಹಾಳೆ ಮಡಿಚುವ ಮೊದಲು ಅವರ ಕಣ್ಣು ಆ ತಿದ್ದುಪಡಿಯ ಮೇಲೆ ನಿಂತಿತು. "ಇಲ್ಲಿ ಏಳು ಇಪ್ಪತ್ತಕ್ಕೆ ಹೆಚ್ಚಾಯಿತು ಎಂದು…" ಎನ್ನುತ್ತ ಯಂತ್ರದ ವರದಿ ತಿರುವಿದರು. ಅಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಅವರು ವರದಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮುಂದಕ್ಕೆ ಬಾಗಿ ಕೂತಿದ್ದ ಶಾರದಾಳನ್ನು ನೋಡಿದರು. ಫೈಲು ಮುಚ್ಚಿ, "ಕೆಲವು ಸಲ ಯಂತ್ರಕ್ಕೂ ಗೊತ್ತಾಗುವುದಿಲ್ಲ," ಎಂದರು. ಇಷ್ಟು ಒಳ್ಳೆಯ ನೋಟಿಂಗನ್ನು ನಮ್ಮ ಮಂತ್ರಾಲಯದಲ್ಲಿ ಕಾರ್ಯದರ್ಶಿಗಳ ಮಟ್ಟದಲ್ಲೂ ನಾನು ಕಂಡಿಲ್ಲ.

ವಾಪಸು ಬರುವಾಗ ಶಾರದಾ ಸ್ಕೂಟರಿನ ಹಿಂದೆ ಕೂತಿದ್ದಳು. ಜನಕಪುರಿ ಹತ್ತಿರ ಬಂದಾಗ ಹಿಂದಿನಿಂದ ಕೈ ಚಾಚಿ ನನ್ನ ಎದೆಯ ಮೇಲೆ, ಅಂಗಿಯ ಗುಂಡಿಯ ಪಕ್ಕದಲ್ಲಿ, ಅಂಗೈ ಇಟ್ಟು ನೋಡಿದಳು. "ಹೌದು ರೀ, ಜೋರಾಗಿದೆ," ಎಂದಳು, ತುಂಬ ಸಮಾಧಾನದಿಂದ. ನಿಜಕ್ಕೂ ಜೋರಾಗಿತ್ತು. ಆದರೆ ಅದೇ ಹೊತ್ತಿಗೆ ಬಲಗಡೆಯಿಂದ ಒಂದು ಬಸ್ಸು ನನ್ನ ಮೊಣಕಾಲು ಸವರಿಕೊಂಡು ನುಗ್ಗಿ ಹೋಗಿತ್ತು. ಅವಳು ಎಡಗಡೆಗೆ ಮುಖ ಮಾಡಿ ಕೂತಿದ್ದರಿಂದ ಅದನ್ನು ನೋಡಿರಲಿಲ್ಲ, ನಾನೂ ಈವರೆಗೆ ಹೇಳಿಲ್ಲ.